ಲೆಕ್ಕ ಸರಿ ಇದೆ, ತೂಕ ಮಾತ್ರ ಇಳಿಯುತ್ತಿಲ್ಲ: ತಪ್ಪಿದ ಅಂಕಿ ಹುಡುಕುವ ಬಗೆ

ತಿಂದದ್ದನ್ನೆಲ್ಲ ಆ್ಯಪ್‌ನಲ್ಲಿ ಬರೆಯುತ್ತೀರಿ, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೀರಿ. ಲೆಕ್ಕದ ಪ್ರಕಾರ ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕಿತ್ತು, ತಿಂಗಳಾದರೂ ಒಂದು ಕೆ.ಜಿ. ಕೂಡ ಇಳಿದಿಲ್ಲ. ಆಗ ಹೆಚ್ಚಿನವರು ರಾತ್ರಿ ಊಟ ಬಿಡುತ್ತಾರೆ, ಇಲ್ಲವೇ ನಡಿಗೆಯನ್ನು ಎರಡರಷ್ಟು ಮಾಡುತ್ತಾರೆ. ದಯವಿಟ್ಟು ಎರಡನ್ನೂ ಸದ್ಯಕ್ಕೆ ಮಾಡಬೇಡಿ. ನಿಮ್ಮ ಲೆಕ್ಕದಲ್ಲಿ ಯಾವುದೋ ಒಂದು ಅಂಕಿ ತಪ್ಪಿದೆ. ಅದು ಯಾವುದೆಂದು ಗೊತ್ತಾಗುವ ಮೊದಲೇ ಊಟ ಕಡಿಮೆ ಮಾಡಿದರೆ ಹಸಿವು ಹೆಚ್ಚುತ್ತದೆ, ತಪ್ಪು ಇದ್ದಲ್ಲೇ ಇರುತ್ತದೆ.

ಸಾಮಾನ್ಯವಾಗಿ ತಪ್ಪು ಎಲ್ಲಿರುತ್ತದೆ ಎಂಬುದಕ್ಕೆ ಒಂದು ಹಳೆಯ, ಗಟ್ಟಿ ಪುರಾವೆ ಇದೆ. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಪರೀಕ್ಷಿಸಿ, 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ದೇಹ ಶಕ್ತಿ ಖರ್ಚು ಮಾಡುವ ವೇಗದಲ್ಲಿ ದೋಷವಿರಲಿಲ್ಲ. ಆದರೆ ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆಯಾಗಿಯೂ, ಓಡಾಟವನ್ನು 51 ಶೇಕಡಾ ಹೆಚ್ಚಾಗಿಯೂ ಬರೆದಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಊಟದ ಪ್ರಮಾಣವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಮನುಷ್ಯರಿಗೆ ಅಷ್ಟು ಕಷ್ಟ. ಹಾಗಾಗಿ ಲೆಕ್ಕ ತಪ್ಪಿದೆ ಎಂದು ತಿಳಿದಾಗ ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಗರ್ಭಿಣಿಯರು, ಎದೆಹಾಲು ಕುಡಿಸುತ್ತಿರುವವರು ಮತ್ತು 18 ವರ್ಷದೊಳಗಿನವರಿಗೆ ಈ ಲೇಖನ ಅಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಹಂತ 1: ನಿಜವಾಗಿಯೂ ನಿಧಾನವಾಗಿದೆಯೇ?

ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಖರ್ಚಾಗುವುದಕ್ಕಿಂತ ಕಡಿಮೆ ತಿಂದು ದಿನಕ್ಕೆ 500 ಕ್ಯಾಲೊರಿ ಕೊರತೆ ಮಾಡಿಕೊಂಡರೆ ವಾರಕ್ಕೆ 3,500, ಅಂದರೆ 450 ಗ್ರಾಂ. ದೇಹದ ತೂಕದ ಅರ್ಧ ಶೇಕಡಾದಿಂದ ಒಂದು ಶೇಕಡಾದವರೆಗೆ ವಾರಕ್ಕೆ ಇಳಿದರೆ ಅದು ಒಳ್ಳೆಯ ವೇಗ. 72 ಕೆ.ಜಿ. ಇರುವವರಿಗೆ ಇದು 360ರಿಂದ 720 ಗ್ರಾಂ. ಮೊದಲ ವಾರ ಎರಡು ಕೆ.ಜಿ. ಇಳಿದು, ಆಮೇಲೆ ವಾರಕ್ಕೆ 400 ಗ್ರಾಂ ಇಳಿಯುತ್ತಿದ್ದರೆ ಏನೂ ಕೆಟ್ಟಿಲ್ಲ. ಮೊದಲ ವಾರ ಹೋದದ್ದರಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ, ಹಬ್ಬದೂಟ ಮಾಡಿದ ಮರುದಿನ ಹಾಗೆಯೇ ವಾಪಸ್ ಬರುತ್ತದೆ.

ಅಳೆಯುವ ಕ್ರಮ ಹೀಗಿರಲಿ. ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲೆ, ಸದಾ ಒಂದೇ ಜಾಗದಲ್ಲಿ ಇಡಿ. ಚಾಪೆ, ಕಾರ್ಪೆಟ್ ಮೇಲೆ ಬೇಡ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ನೀರು ಕಾಫಿ ಕುಡಿಯುವ ಮುನ್ನ ನಿಲ್ಲಿ. ದಿನವೂ ಬರೆದಿಟ್ಟು ಏಳು ದಿನದ ಸರಾಸರಿ ತೆಗೆಯಿರಿ. ಒಂದು ದಿನದ ತೂಕವನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಬೇಡಿ, ವಾರದ ಸರಾಸರಿಯನ್ನು ವಾರದ ಸರಾಸರಿಗೆ ಹೋಲಿಸಿ. ಹಿಂದಿನ ರಾತ್ರಿ ಹಪ್ಪಳ, ಉಪ್ಪಿನಕಾಯಿ, ಹೋಟೆಲ್ ಗ್ರೇವಿ ತಿಂದಿದ್ದರೆ ಉಪ್ಪಿನಿಂದ ನೀರು ನಿಂತು ಮುಳ್ಳು ಒಂದು ಕೆ.ಜಿ. ಮೇಲೆ ತೋರಿಸುತ್ತದೆ. ಮಲಬದ್ಧತೆ ಇದ್ದರೂ ಅಷ್ಟೇ. ಜಿಮ್ ಹೊಸದಾಗಿ ಸೇರಿ ಮೈಕೈ ನೋಯುತ್ತಿದ್ದರೆ ಸ್ನಾಯುಗಳು ದುರಸ್ತಿಗಾಗಿ ನೀರು ಹಿಡಿಯುತ್ತವೆ, ಎರಡು ಮೂರು ವಾರ ತೂಕ ಕದಲದಂತೆ ಕಾಣಬಹುದು.

ಮುಟ್ಟಾಗುವ ಮಹಿಳೆಯರು ಇನ್ನೊಂದು ಎಚ್ಚರ ವಹಿಸಬೇಕು. ಮುಟ್ಟಿನ ಮುಂಚಿನ ವಾರ ಒಂದರಿಂದ ಎರಡು ಕೆ.ಜಿ. ನೀರು ಸೇರುವುದು ಸಹಜ. ಆ ವಾರವನ್ನು ಅದರ ಹಿಂದಿನ ವಾರಕ್ಕೆ ಹೋಲಿಸಿದರೆ ತಿಂಗಳಿಡೀ ಪಟ್ಟ ಶ್ರಮ ಮಾಯವಾದಂತೆ ಕಾಣುತ್ತದೆ. ಈ ತಿಂಗಳ ಮುಟ್ಟು ಮುಗಿದ ವಾರವನ್ನು ಹೋದ ತಿಂಗಳ ಮುಟ್ಟು ಮುಗಿದ ವಾರಕ್ಕೆ ಹೋಲಿಸಿ.

ಜತೆಗೆ ಸೊಂಟದ ಸುತ್ತಳತೆ ಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಓದಿ. ಹೊಟ್ಟೆ ಎಳೆದುಕೊಳ್ಳಬೇಡಿ. ಎರಡು ವಾರಕ್ಕೊಮ್ಮೆ ಸಾಕು. ತೂಕ ನಿಂತಿದ್ದು ಸುತ್ತಳತೆ ಎರಡು ಸೆಂ.ಮೀ. ಇಳಿದಿದ್ದರೆ ನಿಮ್ಮ ಕ್ರಮ ಕೆಲಸ ಮಾಡುತ್ತಿದೆ, ಏನನ್ನೂ ಬದಲಿಸಬೇಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ಆರೋಗ್ಯದ ದೃಷ್ಟಿಯಿಂದ ಈ ಅಳತೆಗೆ ತೂಕಕ್ಕಿಂತ ಹೆಚ್ಚು ಬೆಲೆ ಕೊಡಬೇಕು. ಮನೆಯ ಯಂತ್ರ ತೋರಿಸುವ ಕೊಬ್ಬಿನ ಶೇಕಡಾವಾರನ್ನು ನಂಬಬೇಡಿ, ನೀರು ಕುಡಿದರೂ ಅದು ಬದಲಾಗುತ್ತದೆ.

ನಾಲ್ಕು ವಾರದ ಸರಾಸರಿ ನೋಡಿಯೂ ನಿರೀಕ್ಷೆಯ ಅರ್ಧಕ್ಕಿಂತ ಕಡಿಮೆ ಇಳಿದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಎಣ್ಣೆ, ಕಾಯಿತುರಿ, ಕಾಫಿ

ನಮ್ಮ ಅಡುಗೆಯಲ್ಲಿ ಲೆಕ್ಕ ಮೊದಲು ತಪ್ಪುವುದು ಒಗ್ಗರಣೆಯಲ್ಲಿ. ಎಣ್ಣೆಗೆ ಗ್ರಾಂಗೆ 9 ಕ್ಯಾಲೊರಿ. ಐದು ಮಿ.ಲೀ. ಚಹಾ ಚಮಚಕ್ಕೆ 40, ಹದಿನೈದು ಮಿ.ಲೀ. ದೊಡ್ಡ ಚಮಚಕ್ಕೆ 120ರಷ್ಟು. ಕ್ಯಾನ್‌ನಿಂದ ನೇರ ಬಾಣಲೆಗೆ ಸುರಿಯುವಾಗ ಎರಡು ದೊಡ್ಡ ಚಮಚ ಬಿದ್ದದ್ದು ಕಣ್ಣಿಗೆ ಒಂದರಂತೆ ಕಾಣುತ್ತದೆ.

ಮನೆಮಂದಿಗೆಲ್ಲ ಒಟ್ಟಿಗೆ ಅಡುಗೆ ಆಗುವ ಕಡೆ ಪ್ರತಿ ಒಗ್ಗರಣೆ ಅಳೆಯುವುದು ಆಗದ ಮಾತು. ಅದಕ್ಕೆ ಬೇರೆ ದಾರಿ ಇದೆ. ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ, 8,190 ಕ್ಯಾಲೊರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 273 ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತಿದೆ. ನಿಮ್ಮ ಆ್ಯಪ್‌ನಲ್ಲಿ ವಾರದಲ್ಲಿ ಬರೆದ ಎಣ್ಣೆಯನ್ನು ಕೂಡಿಸಿ ಏಳರಿಂದ ಭಾಗಿಸಿ ನೋಡಿ. ಅಲ್ಲಿ 80 ಎಂದು ಬಂದರೆ ದಿನಕ್ಕೆ 190 ಕ್ಯಾಲೊರಿ ಎಲ್ಲಿ ಕಳೆದಿತ್ತು ಎಂಬುದು ಸಿಕ್ಕಿಬಿಟ್ಟಿತು. ಕರಿದ ಮೇಲೆ ಚೆಲ್ಲಿದ ಎಣ್ಣೆ, ದೀಪಕ್ಕೆ ಹಾಕಿದ ಎಣ್ಣೆ ಕಳೆಯಿರಿ. ತುಪ್ಪವನ್ನು ಬೇರೆಯಾಗಿ ಇದೇ ರೀತಿ ಲೆಕ್ಕ ಹಾಕಿ, ಚಹಾ ಚಮಚಕ್ಕೆ 45.

ತೆಂಗಿನಕಾಯಿ ಎರಡನೆಯದು. ಹಸಿ ಕಾಯಿತುರಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ. ಪಲ್ಯದ ಮೇಲೆ ಉದುರಿಸುವ ಒಂದು ಹಿಡಿ 30 ಗ್ರಾಂ ತೂಗಿದರೆ ಸುಮಾರು 110 ಆಯಿತು. ಚಟ್ನಿಯನ್ನು ನಂಚಿಕೊಳ್ಳುವ ಪದಾರ್ಥವೆಂದು ಬಿಡುವವರೇ ಹೆಚ್ಚು, ಆದರೆ ದೋಸೆಗೆ ಎರಡು ಸಲ ಹಾಕಿಸಿಕೊಂಡ ಕಾಯಿಚಟ್ನಿ ಇನ್ನೊಂದು ದೋಸೆಯಷ್ಟೇ ಆಗುತ್ತದೆ. ಕಾಯಿ ಬಿಡಬೇಕಾಗಿಲ್ಲ, ತೂಗಿ ಬರೆದರಾಯಿತು.  ಕಾಯಿ ಬದಲು ಶೇಂಗಾ ಹಾಕಿದರೆ ಇಳಿಯುವುದಿಲ್ಲ, ಶೇಂಗಾ 100 ಗ್ರಾಂಗೆ 550ರ ಆಸುಪಾಸು.

ಮೂರನೆಯದು ಕಾಫಿ, ಚಹಾ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು 3 ಶೇಕಡಾ ಕೊಬ್ಬಿನದು, 100 ಮಿ.ಲೀ.ಗೆ 60 ಕ್ಯಾಲೊರಿ ಅಂದುಕೊಳ್ಳಿ. 6 ಶೇಕಡಾ ಕೊಬ್ಬಿನ ಫುಲ್ ಕ್ರೀಂ ಹಾಲಾದರೆ 87. ಸಕ್ಕರೆ ಚಹಾ ಚಮಚಕ್ಕೆ ಐದು ಗ್ರಾಂ, 20 ಕ್ಯಾಲೊರಿ. 100 ಮಿ.ಲೀ. ಟೋನ್ಡ್ ಹಾಲು, ಎರಡು ಚಮಚ ಸಕ್ಕರೆ ಸೇರಿದ ಲೋಟಕ್ಕೆ 100. ದಿನಕ್ಕೆ ಮೂರು ಲೋಟ ಅಂದರೆ 300. ಬೆಲ್ಲ ಹಾಕಿದರೆ ಕಡಿಮೆ ಎಂಬುದು ತಪ್ಪು ನಂಬಿಕೆ, ಬೆಲ್ಲವೂ ಜೇನೂ ಕ್ಯಾಲೊರಿಯಲ್ಲಿ ಸಕ್ಕರೆಯ ಹತ್ತಿರದವೇ.

ಹಂತ 3: ಪಾತ್ರೆಯ ಸಮೇತ ತೂಗಿ

ಅಡುಗೆಮನೆಗೆ ಒಂದು ಗ್ರಾಂವರೆಗೆ ತೋರಿಸುವ, ಐದು ಕೆ.ಜಿ. ಹೊರುವ ಡಿಜಿಟಲ್ ತಕ್ಕಡಿ ತನ್ನಿ. ಸರಿ ತೂಗುತ್ತದೆಯೇ ಎಂದು ನೋಡಲು ಒಡೆಯದ ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ ಇಡಿ. ಕವರಿನ ತೂಕ ಸೇರಿ 1,005 ಗ್ರಾಂ ಸುತ್ತಮುತ್ತ ಬರಬೇಕು. 'ಒಂದು ಬಟ್ಟಲು', 'ಒಂದು ಸೌಟು' ಎಂಬ ಅಳತೆಗಳನ್ನು ಎರಡು ವಾರ ಪೂರ್ತಿ ಬದಿಗಿಡಿ. ಒಂದು ಮನೆಯ ಬಟ್ಟಲು 150 ಮಿ.ಲೀ. ಹಿಡಿದರೆ ಇನ್ನೊಂದು ಮನೆಯದು 250 ಹಿಡಿಯುತ್ತದೆ.

ಮೊದಲು ನೀವು ದಿನನಿತ್ಯ ಬಳಸುವ ಕುಕ್ಕರ್, ಬಾಣಲೆ, ಹುಳಿ ಪಾತ್ರೆಗಳನ್ನು ಖಾಲಿ ಇದ್ದಾಗ ತೂಗಿ, ತೂಕಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಮುಂದೆ ಬೀನ್ಸ್ ಪಲ್ಯ ಮಾಡಿದಿರಿ ಅಂದುಕೊಳ್ಳೋಣ. ಬೀನ್ಸ್ 400 ಗ್ರಾಂ, 125 ಕ್ಯಾಲೊರಿ. ಎಣ್ಣೆ 27 ಗ್ರಾಂ, 243. ಕಾಯಿತುರಿ 60 ಗ್ರಾಂ, 225. ಒಗ್ಗರಣೆಯ ಕಡಲೆಬೇಳೆ ಉದ್ದಿನಬೇಳೆ 10 ಗ್ರಾಂ, 35. ಒಟ್ಟು 628. ಪಲ್ಯ ಆದ ಮೇಲೆ ಬಾಣಲೆ ಸಮೇತ ತೂಗಿ, ಖಾಲಿ ಬಾಣಲೆಯ ತೂಕ ಕಳೆದಾಗ 450 ಗ್ರಾಂ ಉಳಿಯಿತು. 628ನ್ನು 450ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಗ್ರಾಂ ಪಲ್ಯಕ್ಕೆ 140. ನಿಮ್ಮ ತಟ್ಟೆಗೆ ಬಿದ್ದದ್ದು 120 ಗ್ರಾಂ ಆದರೆ 168 ಕ್ಯಾಲೊರಿ. ಇದನ್ನೇ 'ಬೇಯಿಸಿದ ಬೀನ್ಸ್, 120 ಗ್ರಾಂ' ಎಂದು ಬರೆದಿದ್ದರೆ ಆ್ಯಪ್ 40ರ ಹತ್ತಿರ ತೋರಿಸುತ್ತಿತ್ತು. ಒಂದು ಪಲ್ಯದಲ್ಲೇ 130 ಕ್ಯಾಲೊರಿ ವ್ಯತ್ಯಾಸ.

ಈ ಲೆಕ್ಕವನ್ನು ದಿನವೂ ಮಾಡಬೇಕಿಲ್ಲ. ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಆಗುವ ಹತ್ತು ಹನ್ನೆರಡು ಅಡುಗೆಗಳಿಗೆ ಒಮ್ಮೆ ಮಾಡಿ, ಆ್ಯಪ್‌ನಲ್ಲಿ 'ನನ್ನ ಅಡುಗೆ' ಎಂದು ಉಳಿಸಿಕೊಂಡರೆ ವರ್ಷಗಟ್ಟಲೆ ಬಳಕೆಗೆ ಬರುತ್ತದೆ.

ಅನ್ನದಲ್ಲಿ ಆಗುವ ತಪ್ಪು ಬೇರೆ ತರಹದ್ದು. ಅಕ್ಕಿ 100 ಗ್ರಾಂಗೆ 350, ಅನ್ನ 100 ಗ್ರಾಂಗೆ 130. ಅಕ್ಕಿ ತೂಗಿ ಅನ್ನದ ಹೆಸರಿನಲ್ಲಿ ಬರೆದರೆ ನಿಜವಾಗಿ ತಿಂದದ್ದರಲ್ಲಿ ಮೂರನೇ ಒಂದು ಭಾಗವೇ ಲೆಕ್ಕಕ್ಕೆ ಬರುತ್ತದೆ. ಮನೆಮಂದಿಗೆ ಒಟ್ಟಿಗೆ ಕುಕ್ಕರ್ ಇಡುವವರು ತಟ್ಟೆಯ ಅನ್ನವನ್ನೇ ತೂಗಿ 'ಅನ್ನ' ಎಂದೇ ಬರೆಯುವುದು ಸುಲಭ. ಮುದ್ದೆಗೆ ಇದು ತಿರುಗುಮುರುಗು. ನೀರಿನ ಪ್ರಮಾಣ ಮನೆಮನೆಗೂ ಬೇರೆ, ಆದ್ದರಿಂದ ಮುದ್ದೆ ತೂಗಿ ಪ್ರಯೋಜನವಿಲ್ಲ, ಹಿಟ್ಟು ತೂಗಿ. ರಾಗಿಹಿಟ್ಟು 100 ಗ್ರಾಂಗೆ 320. 300 ಗ್ರಾಂ ಹಿಟ್ಟಿನಲ್ಲಿ ನಾಲ್ಕು ಸಮ ಮುದ್ದೆ ಕಟ್ಟಿದರೆ ಒಂದಕ್ಕೆ 240. ರಾಗಿ ಒಳ್ಳೆಯದು, ಹೊಟ್ಟೆಯೂ ತುಂಬುತ್ತದೆ, ಆದರೆ ತೂಕಕ್ಕೆ ತೂಕ ನೋಡಿದರೆ ಅಕ್ಕಿಗಿಂತ ಕ್ಯಾಲೊರಿ ಬಹಳ ಕಡಿಮೆ ಏನಲ್ಲ. ಎರಡು ಮುದ್ದೆಯ ಮೇಲೆ ಅನ್ನವನ್ನೂ ಉಂಡು 'ರಾಗಿ ಡಯಟ್' ಎಂದರೆ ತೂಕ ಇಳಿಯುವುದಿಲ್ಲ.

ದೋಸೆಗೆ ಹಿಟ್ಟು ರುಬ್ಬಿದ ದಿನವೇ ಲೆಕ್ಕ ಮಾಡಿ. 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದಿನಬೇಳೆಗೆ ಸುಮಾರು 1,400 ಕ್ಯಾಲೊರಿ. ರುಬ್ಬಿದ ಹಿಟ್ಟು ಒಂದು ಕೆ.ಜಿ. ಆದರೆ 100 ಗ್ರಾಂಗೆ 140. 90 ಗ್ರಾಂನ ಒಂದು ಸೌಟಿಗೆ 126, ಕಾವಲಿಗೆ ಬಿಟ್ಟ ಒಂದು ಚಮಚ ಎಣ್ಣೆಗೆ 40. ಮೂರು ದೋಸೆಗೆ 500, ಚಟ್ನಿ ಬೇರೆ. ಇದೇ ಹಿಟ್ಟಿನಲ್ಲಿ ಇಡ್ಲಿ ಬೇಯಿಸಿಕೊಂಡರೆ 120 ಕ್ಯಾಲೊರಿ ಎಣ್ಣೆ ಸುಮ್ಮನೆ ಉಳಿಯುತ್ತದೆ.

ಹಂತ 4: ಆ್ಯಪ್‌ನ ಅಂಕಿಗಳನ್ನು ಪರೀಕ್ಷಿಸಿ

ಆ್ಯಪ್‌ಗಳಲ್ಲಿರುವ ಅನೇಕ ತಿಂಡಿಗಳ ವಿವರವನ್ನು ನಿಮ್ಮಂಥ ಬಳಕೆದಾರರೇ ಸೇರಿಸಿರುತ್ತಾರೆ. ಪರೀಕ್ಷೆ ಸುಲಭ: ಪಿಷ್ಟದ (ಕಾರ್ಬೋಹೈಡ್ರೇಟ್) ಗ್ರಾಂಗಳನ್ನು 4ರಿಂದ, ಪ್ರೋಟೀನನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. ಮೊತ್ತ ಅಲ್ಲಿ ತೋರಿಸಿದ ಕ್ಯಾಲೊರಿಯ ಹತ್ತಿರ ಬರದಿದ್ದರೆ ಆ ದಾಖಲೆ ಬಿಡಿ. ಬಿಡಿ ಧಾನ್ಯ, ಬೇಳೆ, ತರಕಾರಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕ ನಂಬಿಕೆಗೆ ಅರ್ಹ. ಅದರಲ್ಲಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ. ಬಿಸ್ಕತ್ತು, ಮಿಕ್ಸ್ಚರ್ ಪೊಟ್ಟಣಗಳಲ್ಲಿ ಅಂಕಿ 100 ಗ್ರಾಂಗೋ ಒಂದು ಸರ್ವಿಂಗ್‌ಗೋ ಎಂದು ನೋಡಿ ಬರೆಯಿರಿ.

ಹಂತ 5: ಬರೆಯದೆ ಬಿಟ್ಟ ದಿನಗಳು

ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 400ರಂತೆ 2,000 ಕ್ಯಾಲೊರಿ ಕೊರತೆ ಮಾಡಿದಿರಿ. ಶನಿವಾರ ಸಂಜೆ ಹೊರಗೆ ಹೋಗಿ 600 ಹೆಚ್ಚಾಯಿತು. ಭಾನುವಾರ ಮದುವೆ ಮನೆಯಲ್ಲಿ ಎರಡು ಹೋಳಿಗೆ, ತುಪ್ಪ, ಬಜ್ಜಿ, ಪಾಯಸ ಸೇರಿ 1,000 ಹೆಚ್ಚಾಯಿತು. ವಾರಕ್ಕೆ ಉಳಿದ ಕೊರತೆ 400, ಅಂದರೆ 50 ಗ್ರಾಂ ಕೊಬ್ಬು. ಐದು ದಿನ ನಿಷ್ಠೆಯಿಂದ ಮಾಡಿದ್ದು ನೆನಪಿನಲ್ಲಿರುತ್ತದೆ, ಎರಡು ದಿನದ್ದು ಆ್ಯಪ್‌ನಲ್ಲಿ ಖಾಲಿ ಇರುತ್ತದೆ. ಖಾಲಿ ಬಿಟ್ಟ ದಿನವನ್ನು ಕೆಲವು ಆ್ಯಪ್‌ಗಳು ಸರಾಸರಿಯಿಂದಲೇ ತೆಗೆದುಹಾಕುತ್ತವೆ, ಅದರಿಂದ ವಾರದ ಚಿತ್ರ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಸಮಾರಂಭದ ಊಟವನ್ನು ತೂಗಲಾಗದು. ಅಂದಾಜು ಬರೆದು, ಅದಕ್ಕೆ ಮೂರನೇ ಒಂದು ಭಾಗ ಸೇರಿಸಿ. ತುಪ್ಪ ಹಾಕಿದ ಬೇಳೆ ಹೋಳಿಗೆಗೆ 250 ಎಂದು ಹಿಡಿಯಿರಿ. ತಪ್ಪಾದರೂ ಸರಿ, ಸೊನ್ನೆಗಿಂತ ನಿಜಕ್ಕೆ ಹತ್ತಿರ.

ಉಪವಾಸದ ದಿನಗಳನ್ನೂ ನೋಡಿಕೊಳ್ಳಿ. ಏಕಾದಶಿ, ಸಂಕಷ್ಟಿಯಲ್ಲಿ ಅನ್ನ ಬಿಟ್ಟು ಸಬ್ಬಕ್ಕಿ ಖಿಚಡಿ ಮಾಡಿದರೆ, ಸಬ್ಬಕ್ಕಿ 100 ಗ್ರಾಂಗೆ 350 ಇದ್ದು, ಶೇಂಗಾ ಪುಡಿ, ತುಪ್ಪ, ಹಣ್ಣು, ಹಾಲು ಎಲ್ಲ ಸೇರಿ ಮಾಮೂಲಿ ಊಟವನ್ನೇ ಮೀರಿಸುತ್ತದೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಒಗ್ಗರಣೆ ನಡುವೆ ಬಾಯಿಗೆ ಹಾಕಿದ ಶೇಂಗಾ, ಚಹಾದ ಜತೆ ಒಂದು ಮುಷ್ಟಿ ಮಿಕ್ಸ್ಚರ್ ಇವಕ್ಕೂ ಲೆಕ್ಕ ಇದೆ. ಆ ಮುಷ್ಟಿ 30 ಗ್ರಾಂ ಇದ್ದರೆ 150. ಮದ್ಯ ಕುಡಿಯುವವರು ನೆನಪಿಡಬೇಕು: ಆಲ್ಕೋಹಾಲ್‌ಗೆ ಗ್ರಾಂಗೆ 7 ಕ್ಯಾಲೊರಿ, 30 ಮಿ.ಲೀ. ವಿಸ್ಕಿಗೆ 70ರಷ್ಟು, 650 ಮಿ.ಲೀ. ಸ್ಟ್ರಾಂಗ್ ಬಿಯರ್‌ಗೆ 300ಕ್ಕಿಂತ ಹೆಚ್ಚು. ಜತೆಗೆ ತಿನ್ನುವ ಕರಿದ ಪದಾರ್ಥ ಬೇರೆ.

ಹಂತ 6: ವ್ಯಾಯಾಮದ ಕ್ಯಾಲೊರಿಯನ್ನು ಊಟಕ್ಕೆ ಸೇರಿಸಬೇಡಿ

ಸುಮ್ಮನೆ ಕುಳಿತಾಗ ದೇಹ ಪ್ರತಿ ಕೆ.ಜಿ.ಗೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ಖರ್ಚು ಮಾಡುತ್ತದೆ. ಗಂಟೆಗೆ ಐದು ಕಿ.ಮೀ. ವೇಗದ ನಡಿಗೆಯಲ್ಲಿ ಇದರ ಮೂರೂವರೆ ಪಟ್ಟು. 72 ಕೆ.ಜಿ. ತೂಕದವರು 45 ನಿಮಿಷ ನಡೆದರೆ 189. ಆದರೆ ಆ 45 ನಿಮಿಷ ಕುಳಿತೇ ಇದ್ದಿದ್ದರೂ 54 ಖರ್ಚಾಗುತ್ತಿತ್ತು. ನಡಿಗೆಯಿಂದ ಹೆಚ್ಚುವರಿಯಾಗಿ ಸಿಕ್ಕಿದ್ದು 135 ಮಾತ್ರ. ಆ್ಯಪ್‌ಗಳು ಹೆಚ್ಚಾಗಿ ಪೂರ್ತಿ 189ನ್ನೇ ತೋರಿಸುತ್ತವೆ, ಕೈಗಡಿಯಾರಗಳು ಇನ್ನೂ ಹೆಚ್ಚು ತೋರಿಸಬಹುದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಎದೆಬಡಿತದ ಲೆಕ್ಕ ಬಹುತೇಕ ಸರಿಯಿತ್ತು. ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ 27 ಶೇಕಡಾ ತಪ್ಪಿತ್ತು, ಕೆಟ್ಟದ್ದು 93 ಶೇಕಡಾ.

ಇದರ ಮೇಲೆ ಒಂದೇ ನಡಿಗೆಯನ್ನು ಎರಡು ಸಲ ಎಣಿಸುವ ತಪ್ಪು ಬೇರೆ. ಆ್ಯಪ್‌ಗೆ ಸೇರುವಾಗ 'ಸಾಕಷ್ಟು ಚಟುವಟಿಕೆ' ಎಂದು ಆರಿಸಿದ್ದರೆ ಬೆಳಗಿನ ನಡಿಗೆ ಅದರಲ್ಲಿ ಆಗಲೇ ಸೇರಿದೆ. ಮತ್ತೆ ನಡಿಗೆ ದಾಖಲಿಸಿದಾಗ ಆ್ಯಪ್ ಅಷ್ಟು ಕ್ಯಾಲೊರಿಯನ್ನು ಊಟಕ್ಕೆ ಕೂಡಿಸಿಕೊಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ವ್ಯಾಯಾಮದ ಕ್ಯಾಲೊರಿ ಸೇರಿಸುವ ಆಯ್ಕೆಯನ್ನು ನಿಲ್ಲಿಸಿ. ಕೈಗಡಿಯಾರ ಜೋಡಿಸಿದ್ದರೆ ಹೆಜ್ಜೆಗಳ ಎಣಿಕೆಗೆ ಮಾತ್ರ ಬಳಸಿ.

ಬೆಳಿಗ್ಗೆ ನಡೆದು ಬಂದ ಸುಸ್ತಿಗೆ ಉಳಿದ ದಿನ ಓಡಾಟವೇ ಕಡಿಮೆಯಾಗುವುದೂ ಇದೆ. ಮೊದಲು ಮೆಟ್ಟಿಲು ಹತ್ತುತ್ತಿದ್ದವರು ಲಿಫ್ಟ್ ಹಿಡಿಯುತ್ತಾರೆ, ಅಂಗಡಿಗೆ ಸ್ಕೂಟರ್ ತೆಗೆಯುತ್ತಾರೆ. ಇದು ಗೊತ್ತಾಗಬೇಕಾದರೆ ಇಡೀ ದಿನದ ಹೆಜ್ಜೆಗಳ ವಾರದ ಸರಾಸರಿ ನೋಡಬೇಕು. ವ್ಯಾಯಾಮ ಶುರು ಮಾಡುವ ಮೊದಲಿನ ಸರಾಸರಿಗಿಂತ ಅದು ಏರಿರದಿದ್ದರೆ, ನಡಿಗೆಯಿಂದ ಬಂದ ಲಾಭ ಸಂಜೆಯೊಳಗೆ ಕಳೆದುಹೋಗಿದೆ.

ಹಂತ 7: ನಿಮ್ಮದೇ ಖರ್ಚಿನ ಅಂಕಿ ಕಂಡುಕೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಆ್ಯಪ್ ಕೊಟ್ಟ ಗುರಿ ಸೂತ್ರದಿಂದ ಬಂದದ್ದು. ಹೆಚ್ಚು ಬಳಕೆಯಲ್ಲಿರುವ ಮಿಫ್ಲಿನ್ ಸೂತ್ರ ಹೀಗಿದೆ: ತೂಕವನ್ನು 10ರಿಂದ, ಸೆಂ.ಮೀ. ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸರಿಗೆ 5 ಕೂಡಿಸಿ, ಹೆಂಗಸರಿಗೆ 161 ಕಳೆಯಿರಿ. 40 ವರ್ಷ, 158 ಸೆಂ.ಮೀ., 72 ಕೆ.ಜಿ. ಇರುವ ಮಹಿಳೆಗೆ 1,347 ಬರುತ್ತದೆ. ಇದು ದಿನವಿಡೀ ಮಲಗಿದ್ದರೂ ಬೇಕಾಗುವ ಶಕ್ತಿ.

ಇದನ್ನು ಚಟುವಟಿಕೆಯ ಅಂಕಿಯಿಂದ ಗುಣಿಸುವಾಗ ತಪ್ಪು ನುಸುಳುತ್ತದೆ. 1.55 (ಸಾಕಷ್ಟು ಚಟುವಟಿಕೆ) ಆರಿಸಿದರೆ 2,087, 1.375 (ಸ್ವಲ್ಪ ಚಟುವಟಿಕೆ) ಆರಿಸಿದರೆ 1,851, 1.2 (ಹೆಚ್ಚಾಗಿ ಕುಳಿತೇ ಇರುವುದು) ಆರಿಸಿದರೆ 1,616. ಆಫೀಸಿನಲ್ಲಿ ಎಂಟು ಗಂಟೆ ಕುಳಿತು ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುವವರು 1.2 ಮತ್ತು 1.375ರ ನಡುವೆ ಬರುತ್ತಾರೆ, ಆದರೆ ಆ್ಯಪ್‌ನಲ್ಲಿ ಆರಿಸುವುದು ಹೆಚ್ಚಾಗಿ 1.55ರ ಸಾಲನ್ನು. ಆಗ 1,500 ತಿಂದರೆ ಸುಮಾರು 590 ಕೊರತೆ ಎಂದು ಆ್ಯಪ್ ಹೇಳುತ್ತದೆ. ನಿಜವಾದ ಖರ್ಚು 1,616 ಆಗಿದ್ದರೆ ಕೊರತೆ 116 ಮಾತ್ರ.

ಸೂತ್ರ ಬಿಟ್ಟು ನಿಮ್ಮ ದೇಹವನ್ನೇ ಕೇಳುವ ದಾರಿ ಇದು. ನಾಲ್ಕು ವಾರ ಎಲ್ಲವನ್ನೂ ಒಂದೇ ಕ್ರಮದಲ್ಲಿ ಬರೆಯಿರಿ. ದಿನದ ಸರಾಸರಿ 1,500 ಬಂತು. ಮೊದಲ ವಾರದ ಸರಾಸರಿ ತೂಕಕ್ಕೂ ನಾಲ್ಕು ವಾರದ ನಂತರದ ಸರಾಸರಿ ತೂಕಕ್ಕೂ 0.8 ಕೆ.ಜಿ. ವ್ಯತ್ಯಾಸ. 0.8ನ್ನು 7,700ರಿಂದ ಗುಣಿಸಿದರೆ 6,160, ಅದನ್ನು 28 ದಿನದಿಂದ ಭಾಗಿಸಿದರೆ 220. ಆದ್ದರಿಂದ ನಿಮ್ಮ ಖರ್ಚು 1,500ಕ್ಕೆ 220 ಸೇರಿಸಿ 1,720. ಇದರ ಒಂದು ಅನುಕೂಲ ಏನೆಂದರೆ, ನೀವು ಪ್ರತಿದಿನ 100 ಕ್ಯಾಲೊರಿ ಕಡಿಮೆ ಬರೆಯುವವರಾಗಿದ್ದರೂ ಆ ತಪ್ಪು ಈ ಅಂಕಿಯೊಳಗೇ ಸೇರಿಹೋಗಿರುತ್ತದೆ. ಬರೆಯುವ ಕ್ರಮ ಬದಲಾಗದಿದ್ದರೆ ಸಾಕು.

ಹಂತ 8: ಈಗ ಬದಲಿಸಿ

ಈ ಉದಾಹರಣೆಯ ಮಹಿಳೆ ಊಟವನ್ನು 1,720ರಿಂದ 350 ಇಳಿಸಿ 1,370ಕ್ಕೆ ತಂದು, ಇಡೀ ದಿನದ ನಡಿಗೆಯನ್ನು ಅರ್ಧ ಗಂಟೆ ಹೆಚ್ಚಿಸಿದರೆ ಒಟ್ಟು 440ರಷ್ಟು ಕೊರತೆ, ವಾರಕ್ಕೆ 400 ಗ್ರಾಂ. ಇಳಿಸುವ ಜಾಗವನ್ನು ಎರಡನೇ ಹಂತದಲ್ಲೇ ಕಂಡಿದ್ದೀರಿ: ಒಗ್ಗರಣೆಗೆ ಚಮಚ, ಕಾಫಿಗೆ ಒಂದೇ ಚಮಚ ಸಕ್ಕರೆ, ತಟ್ಟೆಯಲ್ಲಿ 50 ಗ್ರಾಂ ಕಡಿಮೆ ಅನ್ನ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಹೋಗಬಾರದು. ಅಷ್ಟು ಕೆಳಗೆ ಹೋದರೆ ಪೋಷಕಾಂಶ ಸಾಲುವುದಿಲ್ಲ, ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆಯೂ ಹೆಚ್ಚು.

ಪ್ರೋಟೀನ್ ಹೆಚ್ಚಿಸಿ. ಸಾಮಾನ್ಯ ದಿನಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ಕೆ.ಜಿ. ತೂಕಕ್ಕೆ 0.83 ಗ್ರಾಂ. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ 1.2 ಗ್ರಾಂ ಹತ್ತಿರ ಹೋಗಬೇಕು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ. ತಿಳಿಸಾರಿನಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿ ಬೇಳೆ, ಹುರಳಿಕಾಳು, ಕಡಲೆಕಾಳು ಒಣಗಿದ್ದಾಗ 100 ಗ್ರಾಂಗೆ 20 ಗ್ರಾಂ ಸುತ್ತಮುತ್ತ, ಸೋಯಾ ಚಂಕ್ಸ್ 50 ಗ್ರಾಂ ಆಸುಪಾಸು, ಮೊಟ್ಟೆ ಒಂದಕ್ಕೆ ಆರು ಗ್ರಾಂ ಕೊಡುತ್ತವೆ. ಜತೆಗೆ ವಾರಕ್ಕೆ ಎರಡು ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿದ ದಂಡ, ಭಾರ ಎತ್ತುವ ವ್ಯಾಯಾಮ ಮಾಡಿ. ಇದರಿಂದ ಕ್ಯಾಲೊರಿ ಹೆಚ್ಚು ಖರ್ಚಾಗದು, ಇಳಿಯುವ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ.

ಪ್ರತಿ ನಾಲ್ಕು ಕೆ.ಜಿ. ಇಳಿದ ಮೇಲೆ ಏಳನೇ ಹಂತವನ್ನು ಮತ್ತೆ ಮಾಡಿ. 72ರಿಂದ 65ಕ್ಕೆ ಬಂದ ದೇಹಕ್ಕೆ ಸೂತ್ರದ ಪ್ರಕಾರವೇ, 1.2ರಿಂದ ಗುಣಿಸಿದಾಗ, ದಿನಕ್ಕೆ ಸುಮಾರು 85 ಕ್ಯಾಲೊರಿ ಕಡಿಮೆ ಸಾಕು. ಇದರ ಮೇಲೆ ದೇಹ ತಾನೂ ಸ್ವಲ್ಪ ಮಿತವ್ಯಯ ಮಾಡುತ್ತದೆ. 'ಕಡಿಮೆ ತಿಂದರೆ ದೇಹ ಕೊಬ್ಬು ಕರಗಿಸುವುದನ್ನೇ ನಿಲ್ಲಿಸುತ್ತದೆ' ಎಂಬುದು ಮಾತ್ರ ನಿಜವಲ್ಲ. ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ.

ಹಂತ 9: ವೈದ್ಯರ ಬಳಿ ಯಾವಾಗ, ಏನು ಹಿಡಿದುಕೊಂಡು ಹೋಗಬೇಕು

ತೂಗಿ ಬರೆದು, ಗುರಿ ಸರಿಪಡಿಸಿ, ಮತ್ತೆ ಆರು ವಾರ ಕಳೆದರೂ ಸರಾಸರಿ ಕದಲದಿದ್ದರೆ ಪರೀಕ್ಷೆ ಮಾಡಿಸಿ. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ ಇದ್ದರೆ ಥೈರಾಯ್ಡ್ ಗ್ರಂಥಿ ಸರಿಯಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕು. ಥೈರಾಯ್ಡ್ ಕೊರತೆಯಿಂದ ಸಾಮಾನ್ಯವಾಗಿ ಏರುವುದು ಎರಡರಿಂದ ಐದು ಕೆ.ಜಿ., ಅದರಲ್ಲೂ ನೀರು ಮತ್ತು ಉಪ್ಪಿನ ಪಾಲೇ ಹೆಚ್ಚು. ಹತ್ತು ಹದಿನೈದು ಕೆ.ಜಿ.ಯನ್ನು ಅದೊಂದರ ಮೇಲೆ ಹೊರಿಸಲಾಗದು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ, ಇಲ್ಲವಾದರೆ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುತ್ತಿದ್ದರೆ ಪಿಸಿಒಡಿ (ಅಂಡಾಶಯ, ಹಾರ್ಮೋನ್‌ಗಳ ಏರುಪೇರಿನ ತೊಂದರೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ಕೇಳಿ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಯ ಬಗ್ಗೆ ಹೇಳಬೇಕು.

ಸ್ಟಿರಾಯ್ಡ್, ಇನ್ಸುಲಿನ್, ಮಾನಸಿಕ ಆರೋಗ್ಯಕ್ಕೆ ಕೊಡುವ ಓಲಾಂಜಪಿನ್, ಮೂರ್ಛೆರೋಗದ ವಾಲ್‌ಪ್ರೊಯೇಟ್ ಮುಂತಾದ ಔಷಧಗಳು ತೂಕ ಏರಿಸುತ್ತವೆ. ಇವುಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಬದಲಿ ಔಷಧ ಇದೆಯೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ನಾಲ್ಕೈದು ದಿನದಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚು ಏರಿ ಕಾಲು ಊದಿಕೊಂಡು ಉಸಿರು ಮೇಲಾದರೆ ಅದು ಕೊಬ್ಬಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ. ತಿಂದ ಮೇಲೆ ವಾಂತಿ ಮಾಡಿಕೊಳ್ಳುವ ಮನಸ್ಸಾಗುವುದು, ತಡೆಯಲಾರದೆ ಒಮ್ಮೆಲೇ ತಿಂದುಬಿಡುವುದು, ಅಂಕಿ ಮೀರಿದರೆ ದಿನವಿಡೀ ಸಂಕಟ ಇವು ಕಂಡರೆ ಕ್ಯಾಲೊರಿ ಬರೆಯುವುದನ್ನೇ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು.

ಹೋಗುವಾಗ ವಾರದ ಸರಾಸರಿ ತೂಕದ ಪಟ್ಟಿ, ಸೊಂಟದ ಸುತ್ತಳತೆ, ದಿನದ ಸರಾಸರಿ ಕ್ಯಾಲೊರಿ ಮತ್ತು ಹೆಜ್ಜೆ, ಮುಟ್ಟಿನ ತಾರೀಕುಗಳು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆಯುರ್ವೇದದ ಚೂರ್ಣ, ಜಿಮ್‌ನಲ್ಲಿ ಕೊಟ್ಟ ಪುಡಿ ಇದ್ದರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.